ಅರೆಕಾಲು ಸುತ್ತು

ಹೇಗಿದೆ ಹೇಳಿ ಅಂದರು ಬಂದವರು,
ಗ್ಲಾಸಿನ ಕಾಲನ್ನು ಎರಡೇ ಬೆರಳಲ್ಲಿ ಹಿಡಿದು.
ಅವರ ಪುಸ್ತಕದಲ್ಲಿ ಆಗಲೇ ಬರೆದಾಗಿತ್ತು:
ಹಸಿರು ಸೇಬು, ಬಾದಾಮಿ, ಬೆಣ್ಣೆ ಸವರಿ ಸುಟ್ಟ ಬ್ರೆಡ್ಡು.
ನನಗೆ ತಕ್ಷಣ ಏನೂ ತೋಚಲಿಲ್ಲ.
ಬಾಟಲಿಯ ತಳ ತಿರುಗಿಸಿ ನೋಡಿದೆ.
ಸುಣ್ಣದ ಗೀಟು, ಎಡಕ್ಕೆ ಒಂದು ಕೂದಲೆಳೆ ವಾಲಿದ್ದು.
ಪಿಳ್ಳಕ್ಕನ ಕೈ.

ನಂದಿಬೆಟ್ಟದ ಬೆನ್ನಿಗೆ ನಮ್ಮ ನೆಲಮಾಳಿಗೆ.
ಹೊರಗೆ ಬಂಡೆ ಕಾದು ಬಿರಿಯುವ ಮಧ್ಯಾಹ್ನ
ಒಳಗೆ ಶಾಲು ಬೇಕು.
ಎಂಟು ವರ್ಷ ಮಲಗಿದ್ದ ಬಾಟಲಿಗಳನ್ನು
ಹೋದ ತಿಂಗಳು ಹಲಗೆಯ ತೂತಿಗೆ ಕತ್ತು ಕೊಟ್ಟು
ತಲೆಕೆಳಗೆ ಮಾಡಿದೆವು.
ದಿನಕ್ಕೆ ಅರೆಕಾಲು ಸುತ್ತು, ಅಷ್ಟೇ.
ಬಲದ ಸಾಲು ನನ್ನದು, ಎಡದ್ದು ಅವಳದು.
ಗಸಿ ನಿದ್ದೆಗಣ್ಣಲ್ಲೇ ಜಾರಿ ಜಾರಿ
ಕೊರಳಿಗೆ ಬಂದು ಕೂರಬೇಕು, ಎಚ್ಚರಾಗಬಾರದು,
ತೋಳಲ್ಲಿ ನಿದ್ದೆಹೋದ ಮಗುವನ್ನು ಚಾಪೆಗೆ ಇಳಿಸುವ ಹಾಗೆ.

ಶಿಡ್ಲಘಟ್ಟದ ನೂಲಿನ ಮನೆಯಲ್ಲಿ ಹದಿನಾಲ್ಕು ವರ್ಷ
ಕುದಿನೀರಲ್ಲಿ ಬೆಂದ ಬೆರಳು ನಮ್ಮವು.
ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ
ಈಗಲೂ ನಮ್ಮನ್ನು ಒಪ್ಪುವುದಿಲ್ಲ.
ಗಾಜು ಒಪ್ಪಿತು.

ಆ ವರ್ಷ ನೆನಪಿದೆ.
ಶಿವರಾತ್ರಿ ಕಳೆದು ಮೂರನೇ ದಿನ, ಸಂಜೆ,
ಗೋಲಿ ಗಾತ್ರದ ಆಲಿಕಲ್ಲು, ಹತ್ತೇ ನಿಮಿಷ.
ಕಾಗದದಲ್ಲಿ ಶೆನಿನ್ ಬ್ಲಾಂಕ್, ನಮ್ಮ ಬಾಯಲ್ಲಿ ಚೆನ್ನಿ.
ಚೆನ್ನಿಯ ಮೂರು ಪಾಲಲ್ಲಿ ಎರಡು ಮಣ್ಣಿಗೆ ಹೋಯಿತು.
ಉಳಿದದ್ದನ್ನು ರಾತ್ರಿಯೇ ತಲೆಗೆ ಲೈಟು ಕಟ್ಟಿ ಕೊಯ್ದೆವು.
ಒಂದು ಹಣ್ಣು ಕಚ್ಚಿದೆ. ಹಲ್ಲು ಜುಮ್ಮೆಂದವು.
ಎಟುಕದ ದ್ರಾಕ್ಷಿಯಲ್ಲ, ಕೈಯಲ್ಲೇ ಇದ್ದದ್ದು, ಹುಳಿ.
ಗಂಗಿರೆಡ್ಡಿಯವರು ತಾವೂ ಒಂದು ಕಚ್ಚಿ
ಮುಖ ಕಿವುಚಿ, ಆಮೇಲೆ ನಕ್ಕರು:
ಇದೇ ಬೇಕು, ಗುಳ್ಳೆ ಏಳಬೇಕಾದರೆ ಬೆನ್ನೆಲುಬು ಬೇಕು.
ಬೆಳೆ ಹೋಗಿ ತಲೆಯೂ ಹೋಯಿತು ಅಂದುಕೊಂಡೆ.

ಈಗ ಬಾಯಿಗಿಟ್ಟೆ.
ಮೊದಲು ತಣ್ಣಗೆ, ಬರೀ ತಣ್ಣಗೆ.
ಆಮೇಲೆ ಗಜನಿಂಬೆಯ ಸಿಪ್ಪೆಯನ್ನು ಉಗುರಲ್ಲಿ ಗೀರಿದ ಹಾಗೆ.
ನುಂಗುವ ಮುಂಚೆ ಹುರಿಹಿಟ್ಟು,
ಅರಳಿದ ರಾಗಿ ಬಿಸಿ ಆರುವಾಗಿನ ಹೊಗೆ, ಸ್ವಲ್ಪ.
ಮತ್ತೆ ಬಿ.ಬಿ. ರಸ್ತೆಯ ಬೇಕರಿಯ ಹಿಂಬಾಗಿಲು,
ಬೆಳಗಿನ ಐದು ಗಂಟೆ, ಬನ್ನು ಇನ್ನೂ ತಟ್ಟೆಯಲ್ಲೇ.
ಅದು ಸತ್ತ ಹುದುಗಿನ ಋಣವಂತೆ,
ಎಂಟು ವರ್ಷ ಪಕ್ಕದಲ್ಲೇ ಮಲಗಿದ್ದಕ್ಕೆ.
ಇಷ್ಟನ್ನೂ ಹೇಳಲಿಲ್ಲ.
ಚೆನ್ನಾಗಿದೆ ಸಾರ್, ಅಂದೆ.

ಗೋಲಿಸೋಡ ಜಗಳಗಂಟಿ, ಮೂಗಿಗೇ ಹೊಡೆಯುತ್ತದೆ.
ಇದು ಹಾಗಲ್ಲ. ತಳದ ಒಂದೇ ಚುಕ್ಕೆಯಿಂದ
ಎಳೆ, ಎಳೆಯ ಹಿಂದೆ ಎಳೆ,
ಬಿಸಿ ಬಾಂಡಲಿಯ ಗೂಡಿನಿಂದ ನೂಲು ಎದ್ದು ಬಂದಂತೆ.
ತಿರುಗುವ ರಾಟೆ ಮಾತ್ರ ಕಾಣದು.

ಪಿಳ್ಳಕ್ಕನಿಗೆ ಶನಿವಾರ ಒಪ್ಪತ್ತು. ಕುಡಿಯಲಿಲ್ಲ.
ಗ್ಲಾಸನ್ನು ಕಿವಿಗೆ ಹಿಡಿದಳು, ಫೋನು ಹಿಡಿದಂತೆ.
ಕಣ್ಣು ಮುಚ್ಚಿದಳು.
"ನಾಲ್ಕನೇ ಜ್ವರ ಎದ್ದವೆ ಕಣೆ, ಸೊಪ್ಪು ಮೇಯ್ತಾವೆ."
ಬಂದವರು ನನ್ನ ಮುಖ ನೋಡಿದರು. ಬಿಡಿಸಿ ಹೇಳಿದೆ:
ರೇಷ್ಮೆಹುಳು, ತಟ್ಟೆ ತುಂಬ. ರಾತ್ರಿ ದೀಪ ಆರಿಸಿದ ಮೇಲೆ
ಮಳೆ ಬಂತೇನೋ ಎಂದು ಎದ್ದು ಕೂರುವಂಥ ಸದ್ದು.
ಅವರೂ ಕಿವಿಗಿಟ್ಟುಕೊಂಡರು. ಬಹಳ ಹೊತ್ತು.
ಪುಸ್ತಕದಲ್ಲಿ ಬರೆದರೋ ಇಲ್ಲವೋ ನೋಡಲಿಲ್ಲ.

ಮಾರನೆ ಬೆಳಗ್ಗೆ ತೊಳೆಯಲು ಹೋದಾಗ
ಒಂದು ಗ್ಲಾಸಿನಲ್ಲಿ ಎರಡು ಗುಟುಕು ಉಳಿದಿತ್ತು.
ಗುಳ್ಳೆ ಇಲ್ಲ, ಬನ್ನಿಲ್ಲ, ರಾಗಿಯ ಹೊಗೆಯೂ ಇಲ್ಲ.
ಕುಡಿದೆ.
ಹುಳಿ ಒಂದೇ ನಿಂತಿತ್ತು,
ಆ ರಾತ್ರಿ ಹಲ್ಲಿಗೆ ತಾಗಿದ್ದು, ಅದೇ,
ಕೂದಲೆಳೆಯಷ್ಟೂ ಅಲ್ಲಾಡದೆ.